ಗೊರಕೆ ನಿಂತರೆ ಒದೆ

ಫೆಬ್ರವರಿ 6, ಬೆಳಿಗ್ಗೆ
ಅಕ್ಕನ ಒದೆಗೆ ಎಚ್ಚರವಾಯಿತು. ಎಂದಿನಂತೆ. ಗೊರಕೆ ಹೊಡೆದರೆ ಒದೆಯುವುದಿಲ್ಲ ಅವಳು. ಗೊರಕೆ ನಿಂತರೆ ಒದೆಯುತ್ತಾಳೆ — ನಿಂತಿತೆಂದರೆ ನನ್ನ ಉಸಿರೂ ನಿಂತಿದೆ ಎಂದು ಅರ್ಥ. ಬಾಯಿ ಒಣಗಿತ್ತು. ಕಿವಿಯ ಮುಂದೆ ದವಡೆಯ ಕೀಲು ಸಿಡಿಯುತ್ತಿತ್ತು.
"ರಾತ್ರಿ ಮೂರು ಸಲ ಮೇಲಕ್ಕೆ ಹೋಗಿ ಬಂದೆ ಕಣೇ ನೀನು, ಇಂಜಿನ್," ಎಂದಳು. ನನ್ನ ಗೊರಕೆಗೆ ಅವಳಿಟ್ಟ ಹೆಸರು ಅದು. ಅವಳ ಕಣ್ಣು ಕೆಂಪಗಿತ್ತು. ಅಮ್ಮನಿಗೆ ರಾತ್ರಿ ಪಾಳಿ. ಕಾವಲು ಯಾವಾಗಲೂ ಅಕ್ಕನದೇ.

ಅದೇ ದಿನ, ಸಂಜೆ
ಲಾಂಡ್ರಿಯಲ್ಲಿ ಇಸ್ತ್ರಿ ಪೆಟ್ಟಿಗೆ ಹಿಡಿದೇ ತೂಕಡಿಸಿದೆ. ಬಿಳಿ ಶರ್ಟಿನ ಬೆನ್ನು ಸುಟ್ಟು ಕಂದು ಬಣ್ಣವಾಯಿತು. ಮಾಲೀಕರು ನೋಡುವ ಮೊದಲೇ ಹೇಳಿಬಿಟ್ಟೆ.
"ಒಂದು ಸುಳ್ಳಾದ್ರೂ ಹೇಳಮ್ಮಾ, ಬಾಯ್ತುಂಬ ಬೈಯೋಕಾಗುತ್ತೆ," ಅಂದರು.

ಫೆಬ್ರವರಿ 9
ದವಡೆ ಡಾಕ್ಟರು ಎಕ್ಸ್‌ರೇ ತೋರಿಸಿದರು. ಕೆಳದವಡೆ ಚಿಕ್ಕದು, ಹಿಂದೆ ಸರಿದಿದೆ. ನಾಲಿಗೆಗೆ ಜಾಗವಿಲ್ಲ. ಮಲಗಿದಾಗ ಹಿಂದಕ್ಕೆ ಬಿದ್ದು ಗಂಟಲಿನ ದಾರಿ ಮುಚ್ಚುತ್ತದೆ. ನಿದ್ದೆಯಲ್ಲಿ ಹಲ್ಲು ಬೇರೆ ಕಡಿಯುತ್ತೇನಂತೆ. ರಾತ್ರಿಯಿಡೀ ಮೂಗಿಗೆ ಗಾಳಿ ಊದುವ ಮಾಸ್ಕ್ ಮಷಿನ್ ನನಗೆ ಆಗಲಿಲ್ಲ, ನಿದ್ದೆಗಣ್ಣಲ್ಲೇ ಕಿತ್ತೆಸೆದೆ. ಉಳಿದದ್ದು ಎರಡೂ ದವಡೆ ಕೊಯ್ದು ಮುಂದಕ್ಕೆ ಕೂರಿಸುವುದು. ಹೋದ ವರ್ಷ ಹಲ್ಲಿಗೆ ಕ್ಲಿಪ್ ಹಾಕಿದ್ದೂ ಅದಕ್ಕೇ.
"ನೋವು ಹೋಗುತ್ತಾ ಡಾಕ್ಟ್ರೇ?"
"ಉಸಿರಿಗೆ ದಾರಿ ಆಗುತ್ತೆ ಅನ್ನೋ ನಂಬಿಕೆ ಇದೆ. ನೋವಿನ ವಿಷಯದಲ್ಲಿ ಮಾತು ಕೊಡಲ್ಲ."
ಈ ಡಾಕ್ಟರು ಹಿಡಿಸಿದರು.
ಶಾಲೆ ನೆನಪಾಯಿತು. ಬೆಂಚಿನ ಮೇಲೆ ನಿಲ್ಲಿಸಿದರೆ ನಿಂತೇ ನಿದ್ದೆ. ಓದು ತಲೆಗೆ ಹತ್ತಲ್ಲ ಅಂದರು, ಬಿಟ್ಟೆ. ಎಲ್ಲವನ್ನೂ ದವಡೆಯ ತಲೆಗೆ ಕಟ್ಟಲಾರೆ — ಎಚ್ಚರವಿದ್ದಾಗಲೂ ಗಣಿತ ಹತ್ತುತ್ತಿರಲಿಲ್ಲ.

ಫೆಬ್ರವರಿ 15
ಅಕ್ಕನಿಗೆ ಬೇರೆ ಊರಿನ ಲ್ಯಾಬಿನಲ್ಲಿ ಕೆಲಸ ಸಿಕ್ಕಿದೆ. ಜೂನ್‌ನಲ್ಲಿ ಸೇರಬೇಕು. ಒಲ್ಲೆ ಅನ್ನುತ್ತಾಳೆ. "ನಾನು ಹೋದ್ರೆ ನಿನ್ನ ಒದೆಯೋರು ಯಾರೇ?" ಎಂದು ನಗುತ್ತಾಳೆ. ಸಿಟ್ಟು ನೆತ್ತಿಗೇರಿತು. ನನ್ನ ದವಡೆ ಅವಳ ಕಾಲಿಗೆ ತೊಡರಿಕೊಂಡಿದೆ. ಲಾಂಡ್ರಿಯಿಂದಲೇ ಆಸ್ಪತ್ರೆಗೆ ಫೋನ್ ಮಾಡಿದೆ. ಡೇಟ್ ಕೊಡಿ ಅಂದೆ.

ಫೆಬ್ರವರಿ 27
ನಾಳೆ ಆಪರೇಷನ್. ಹೆದರಿಕೆ ಇದೆ. ಕೂತಲ್ಲಿ ಕೂರಲಾಗುತ್ತಿಲ್ಲ...

ಮಾರ್ಚ್ 11
ಮುಖ ಕುಂಬಳಕಾಯಿ. ಮೇಲಿನ ಹಲ್ಲಿಗೂ ಕೆಳಗಿನದಕ್ಕೂ ರಬ್ಬರ್ ಬ್ಯಾಂಡ್. ಊಟವೆಲ್ಲ ನೀರು ನೀರು, ಸಿರಿಂಜಿನಲ್ಲಿ. ಗದ್ದ ಜೋಮು, ಮುಟ್ಟಿದರೆ ಬೇರೆ ಯಾರದೋ ಮುಟ್ಟಿದ ಹಾಗೆ. ಕಿಟಕಿಯಿಂದ ಬಾಗಿಲು, ಬಾಗಿಲಿಂದ ಕಿಟಕಿ — ಅಷ್ಟೇ ನನ್ನ ಊರು.
ಮಧ್ಯಾಹ್ನ ದಿಂಬಿಗೆ ಒರಗಿ ಮಲಗಿದ್ದೆ. ಅಕ್ಕ ಹೆಗಲು ಹಿಡಿದು ಅಲುಗಾಡಿಸಿದಳು. "ಲೇ, ಸದ್ದೇ ಇಲ್ವಲ್ಲೇ!"
ಉಸಿರಾಡುತ್ತಿದ್ದೆ. ಗೊರಕೆ ಇರಲಿಲ್ಲ, ಅಷ್ಟೇ. ನೆಟ್ಟಗೆ ನಿದ್ದೆ ಮಾಡುತ್ತಿದ್ದವಳನ್ನು ಎಬ್ಬಿಸಿ ತಾನೇ ಅತ್ತಳು.

ಜೂನ್ 6
ನಿದ್ದೆಯ ಟೆಸ್ಟ್ ಮತ್ತೆ ಆಯಿತು. ಉಸಿರು ನಿಲ್ಲುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆದರೆ ಆಕಳಿಸಿದರೆ ಕಿವಿಯ ಮುಂದೆ ಇನ್ನೂ ಚುಚ್ಚುತ್ತದೆ.
"ನೋವು?" ಅಕ್ಕ ಕೇಳಿದಳು. ಸೋಮವಾರ ಅವಳು ಆ ಲ್ಯಾಬಿನ ಕೆಲಸಕ್ಕೆ ಸೇರಬೇಕು. ಇಲ್ಲ ಅಂದಿದ್ದರೆ ಮುಗಿಯುತ್ತಿತ್ತು.
"ಇದೆ," ಅಂದೆ.
"ಹಾಗಾದ್ರೆ ನಾನು ಹೋಗಲ್ಲ."
"ನೋವಿಗೆ ನೀನು ಒದ್ದು ಏನಾಗ್ಬೇಕಕ್ಕ? ಅದು ಬೇರೆ, ಉಸಿರು ಬೇರೆ. ಭಾನುವಾರ ಮಧ್ಯಾಹ್ನ ಬಾಗಿಲು ಹಾಕ್ಕೊಂಡು ಒಬ್ಬಳೇ ಮಲಗ್ತೀನಿ. ನೀನು ಒಳಗೆ ಬರಬಾರದು. ನಾನಾಗೇ ಎದ್ದು ಬಂದ್ರೆ ಸಂಜೆ ಬಸ್ಸು ಹತ್ತಬೇಕು."
"ಎದ್ದು ಬರದಿದ್ರೆ?"
"ನಾನು ಸುಟ್ಟ ಶರ್ಟಿನ ಬದಲು ಮಾಲೀಕರಿಗೆ ಹೊಸದು ನೀನೇ ಕೊಡಿಸು."
"ಥೂ, ನಿನ್ನ ಬಾಯಿಗಿಷ್ಟು!" ಎಂದಳು. ಒಪ್ಪಿದಳು.

ಜೂನ್ 8, ಭಾನುವಾರ, ಸಂಜೆ
ನಾನಾಗಿಯೇ ಎದ್ದೆ. ಬಾಯಿ ಒಣಗಿರಲಿಲ್ಲ. ತಲೆ ಹಗುರ.
ಬಾಗಿಲು ತಳ್ಳಿದರೆ ಭಾರ. ಸಂದಿಯಲ್ಲಿ ನುಸುಳಿ ಹೊರಬಂದೆ. ಅಕ್ಕ! ಬಾಗಿಲಿಗೆ ಕಿವಿ ಹಚ್ಚಿ ನೆಲದ ಮೇಲೆ ಕೂತವಳು ಹಾಗೇ ಒರಗಿ ನಿದ್ದೆ ಹೋಗಿದ್ದಾಳೆ. ಎಷ್ಟು ವರ್ಷದ ನಿದ್ದೆಯೋ. ಬಾಯಿ ತೆರೆದಿದೆ, ಸಣ್ಣ ಗೊರಕೆ. ಪಕ್ಕದಲ್ಲೇ ಕೂತು ಕೇಳುತ್ತಿದ್ದೇನೆ — ಎಲ್ಲೂ ನಿಲ್ಲುತ್ತಿಲ್ಲ.
ಸೂಟ್‌ಕೇಸ್ ತುಂಬಿ ನಿಂತಿದೆ. ಬಸ್ಸಿಗೆ ಹೊತ್ತಾಯಿತು. ಎಬ್ಬಿಸಬೇಕು. ಯಾರನ್ನೂ ಎಬ್ಬಿಸಿ ಅಭ್ಯಾಸವಿಲ್ಲ ನನಗೆ. ಹೆಗಲು ಮುಟ್ಟಿದೆ, ಏಳಲಿಲ್ಲ. ಇನ್ನೊಂದು ನಿಮಿಷ. ಆಮೇಲೆ ಮೆಲ್ಲಗೆ ಕಾಲೆತ್ತಿ —