ಎಲ್ಲವೂ ಆರು ಮಿಲಿಮೀಟರ್

ಕಿರ್ಶ್‌ವೈಲರ್,
೯ ನವೆಂಬರ್ ೧೯೬೧

ತಮ್ಮ ಆಲ್ವಿನ್‌ಗೆ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಆ ಬ್ರೆಜಿಲ್ ಬಿಸಿಲಿನಲ್ಲಿ ಟೋಪಿ ಹಾಕಿಕೊಳ್ಳುತ್ತೀಯೋ ಇಲ್ಲವೋ? ನಿನ್ನ ಹೆಂಡತಿಗೆ ಹೆರಿಗೆಯಾಗಿ ಎರಡು ತಿಂಗಳಾಯಿತು, ಮಗುವಿನ ಹೆಸರನ್ನೂ ನೀನು ಬರೆದಿಲ್ಲ. ಅಪ್ಪ ಚೆನ್ನಾಗಿದ್ದಾನೆ. ಕಣ್ಣು ಪೂರ್ತಿ ಹೋದರೂ ಹಸಿವು ಹೋಗಿಲ್ಲ. ನಿನ್ನೆ ನಾಲ್ಕು ಆಲೂಗಡ್ಡೆ ಕಡುಬು ತಿಂದು ಐದನೆಯದಕ್ಕೆ ಕೈ ಚಾಚಿದ. ನನ್ನ ಬಗ್ಗೆ ನೀನು ಕೇಳುವವನಲ್ಲ, ನಾನೇ ಹೇಳುತ್ತೇನೆ: ಚೆನ್ನಾಗಿಲ್ಲ.

ನಿಮ್ಮ ಕಾರ್ಖಾನೆಯ ಪೆಟ್ಟಿಗೆ ಬಂತು. ನಮಗಲ್ಲ, ನಮಗೆ ಕೊಯ್ಯಲು ಕಲ್ಲು ಕೊಡುವ ವೀಲಾಂಡ್ ಸಾಹುಕಾರರಿಗೆ. ಅಜ್ಜನ ಕಾಲದಿಂದ ಬ್ರೆಜಿಲ್‌ನ ಪದರ ಪದರದ ಅಗೇಟ್ ಕಲ್ಲು ಇಡಿಯಾಗಿ ಬಂದು ನಮ್ಮ ಗರಗಸದಲ್ಲೇ ಬಿಲ್ಲೆಯಾಗುತ್ತಿತ್ತು. ಈ ಸಲ ಮುಚ್ಚಳ ತೆಗೆದರೆ ಕೊಯ್ದ ಬಿಲ್ಲೆಗಳೇ ಸಾಲಾಗಿ ನಿಂತಿದ್ದವು, ಎಲ್ಲವೂ ಆರು ಮಿಲಿಮೀಟರ್. ಯಂತ್ರಕ್ಕೆ ಒಮ್ಮೆ ಅಳತೆ ಕೊಟ್ಟು ನೀನು ಕಾಫಿ ಕುಡಿಯಲು ಹೋಗಿದ್ದೆಯೇನೋ. ಒಂದು ಕಲ್ಲಿನಲ್ಲಿ ನೀಲಿಯ ಮೇಲೆ ಬಿಳಿ ಪದರ ಓರೆಯಾಗಿ ಮಲಗಿತ್ತು. ಪದರದ ಜಾಡು ಹಿಡಿದು ಒಂಬತ್ತು ಮಿಲಿಮೀಟರಿಗೆ ಕೊಯ್ದಿದ್ದರೆ ಆ ಬಿಳಿಯಲ್ಲಿ ಒಂದು ಮುಖ ಕೆತ್ತಬಹುದಿತ್ತು. ಅಡ್ಡಡ್ಡ ಕೊಯ್ದು ಹಾಳು ಮಾಡಿದ್ದೀಯ. ಪಾಚಿಬಣ್ಣದ ಕಲ್ಲು ಮೂರಕ್ಕೆ ಕೊಯ್ದರೆ ಬೆಳಕು ಬಿಡುತ್ತದೆ, ಆರಕ್ಕೆ ಕೊಯ್ದರೆ ಕರಿ ಹಂಚು. ಹಾಗೆಂದು ಎಲ್ಲವನ್ನೂ ತೆಳ್ಳಗೆ ಕೊಯ್ದರೆ ಅರ್ಧ ಕಲ್ಲು ಗರಗಸದ ಬಾಯಿಗೆ ಹೋಗಿ ಕೆಸರಾಗುತ್ತದೆ. ಇದನ್ನೆಲ್ಲ ನಿನಗೆ ಹೇಳಿಕೊಡಬೇಕೇ? ಅಪ್ಪ ಕಲ್ಲನ್ನು ಒದ್ದೆ ಮಾಡಿ ಕಿಟಕಿಗೆ ಹಿಡಿದು ಅಳತೆ ಹೇಳುವಾಗ ಪಕ್ಕದಲ್ಲಿ ನಿಲ್ಲಿಸಿಕೊಂಡದ್ದು ನಿನ್ನನ್ನು. ನನ್ನನ್ನು ಅಡುಗೆಮನೆಗೆ ಅಟ್ಟುತ್ತಿದ್ದ. ಬಾಗಿಲ ಸಂದಿಯಿಂದ ನೋಡಿ ಕಲಿತವಳು ನಾನು. ಅವನ ಕಣ್ಣು ಮಂಜಾದ ಮೇಲೆ ಎಂಟು ವರ್ಷದಿಂದ ಅಳತೆ ಹೇಳುತ್ತಿರುವುದೂ ನಾನೇ, ಊರು ಮಾತ್ರ ಇಂದಿಗೂ ಅಪ್ಪನ ಬೆರಳಿಗೇ ಕಣ್ಣಿದೆ ಎಂದು ಹೊಗಳುತ್ತದೆ.

ಸಾಹುಕಾರರು ಪೆಟ್ಟಿಗೆಯನ್ನು ನಮ್ಮ ಮನೆಗೇ ಹೊತ್ತು ತಂದರು. ಅಪ್ಪ ಹೂಂ ಎಂದರೆ ಇನ್ನು ಮುಂದೆ ಕೊಯ್ದ ಬಿಲ್ಲೆಯನ್ನೇ ತರಿಸುವುದು, ಊಹೂಂ ಎಂದರೆ ವಾಪಸ್ಸು. ನಮ್ಮ ಗರಗಸದ ಹಣೆಬರಹ ಆ ಒಂದು ಮಾತಿನಲ್ಲಿತ್ತು. ಕೊಯ್ದವನು ನೀನು ಎಂದು ನನಗೊಬ್ಬಳಿಗೇ ಗೊತ್ತು, ನೀನು ಬರೆದಿದ್ದೆಯಲ್ಲ, ಅದನ್ನು ಅಪ್ಪನಿಗೆ ಓದಿ ಹೇಳಿರಲಿಲ್ಲ. ಅಪ್ಪ ಒಂದೊಂದೇ ಬಿಲ್ಲೆ ತೆಗೆದು ಅಂಚಿನ ಮೇಲೆ ಹೆಬ್ಬೆರಳು ಎಳೆದ. "ಇದ್ಯಾವನ್ರೀ ಕೊಯ್ದಿರೋದು? ಕೈ ನೆಟ್ಟಗಿದೆ, ಕಣ್ಣೇ ಇಲ್ಲ ಬಡ್ಡೀಮಗಂಗೆ! ಬ್ರೆಡ್ ಕೊಯ್ದಂಗೆ ಕೊಯ್ದಿದಾನೆ. ವಾಪಸ್ ಕಳ್ಸಿ" ಎಂದ. ಗರಗಸ ಉಳಿಯಿತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಗಿತ್ತು. ಆದರೆ ಕಾಣದ ಕಣ್ಣಿನಲ್ಲೂ ದಿನಾ ನಿನ್ನ ಫೋಟೋ ಸವರಿ ಮಲಗುವ ಮುದುಕನನ್ನು ಒಮ್ಮೆ ಚುಚ್ಚಬೇಕೆನಿಸಿತು. ಹೊಟ್ಟೆಯುರಿ, ಇನ್ನೇನು. "ನಿನ್ ಮುದ್ದಿನ ಮಗನೇ ಕಣಪ್ಪಾ ಕೊಯ್ದಿರೋದು" ಎಂದುಬಿಟ್ಟೆ.

ಅಪ್ಪ ಅದೇ ಬಿಲ್ಲೆಯನ್ನು ಮತ್ತೆ ಎತ್ತಿಕೊಂಡ. "ಏನ್ ಸಮ ಇದೆ ನೋಡಿ ಸಾಹುಕಾರ್ರೇ! ಈಗಿನೋರು ಕೇಳೋದೇ ಇಂಥದ್ನ. ಇಟ್ಕೊಳ್ಳಿ, ಇಟ್ಕೊಳ್ಳಿ" ಎಂದ. ಅವರು ಇಟ್ಟುಕೊಂಡರು. ಎಂಟು ವರ್ಷದಲ್ಲಿ ನನ್ನ ಒಂದು ಬಿಲ್ಲೆಯ ಬಗ್ಗೆಯೂ ಅವನ ಬಾಯಲ್ಲಿ ಅಂಥ ಮಾತು ಬಂದಿಲ್ಲ. ತಪ್ಪು ನನ್ನ ನಾಲಗೆಯದು, ಒಪ್ಪುತ್ತೇನೆ. ಆದರೂ ಅವನನ್ನು ಕ್ಷಮಿಸಲು ನನ್ನಿಂದ ಆಗುತ್ತಿಲ್ಲ, ನಿನ್ನನ್ನೂ. ತಿಂಗಳ ಕೊನೆಗೆ ಗುಜರಿಯವರು ಬಂದು ಗರಗಸ ಒಯ್ಯುತ್ತಾರೆ.

ನಿನ್ನ ಹೆಂಡತಿಯನ್ನು ಕೇಳಿದೆನೆಂದು ಹೇಳು. ಮಗುವಿಗೆ ಅತ್ತೆಯ ಮುತ್ತು. ಅಪ್ಪ ನಿನಗೆ ಆಶೀರ್ವಾದ ಬರೆಯಲು ಹೇಳಿದ್ದಾನೆ, ಎರಡೆರಡು ಸಲ.

ನಿನ್ನ ಅಕ್ಕ,
ಇರ್ಮಾ

ಲಕೋಟೆ ಅಂಟಿಸುವ ಮುಂಚೆ ಇನ್ನೊಂದು ಮಾತು: ಕಲ್ಲು ನೋಡಿ ಅಳತೆ ಹೇಳುವವರು ನಿನ್ನ ಯಜಮಾನರಿಗೆ ಬೇಕೇನೋ ಕೇಳು. ಹಡಗಿನ ಟಿಕೆಟ್ಟಿಗೆ ದುಡ್ಡು ನನ್ನಲ್ಲಿದೆ. ಅಪ್ಪನನ್ನು ಎಲ್ಸ ಚಿಕ್ಕಮ್ಮ ತನ್ನ ಮನೆಯಲ್ಲಿ ಇಟ್ಟುಕೊಳ್ಳುತ್ತಾಳಂತೆ. ಅವನಿಗೆ ಇನ್ನೂ ಹೇಳಿಲ್ಲ. ಅಪ್ಪನ ಹತ್ತಿರ ಕಲಿತವರು ಎಂದಷ್ಟೇ ಹೇಳು. ಹೆಂಗಸು ಎಂದು ಮೊದಲೇ ಬಾಯಿ ಬಿಡಬೇಡ.