ಪಾದದ ನಾಡಿ

ಗುರುವಾರ, ಜುಲೈ ೯

ಪಾದದ ನಾಡಿ ಡಾಕ್ಟರ ಬೆರಳಿಗೆ ಸಿಗಲೇ ಇಲ್ಲ. ನರ್ಸ್ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿ, ಆಮೇಲೆ ಕಣಕಾಲಿಗೂ ಸುತ್ತಿದಳು. ತೋಳಿನ ಅರ್ಧದಷ್ಟೂ ಒತ್ತಡ ಅಲ್ಲಿಲ್ಲ. ಕಾಲಿನ ರಕ್ತನಾಳ ಕಟ್ಟಿದೆಯಂತೆ.

"ನಡೆಯುವಾಗ ನೋವು ಬಂದು ನಿಲ್ತಿರಲಿಲ್ವಾ?" ಎಂದರು ಡಾಕ್ಟರು.

ನಿಲ್ಲುತ್ತಿದ್ದೆ. ಅಂಚೆಯವನು ಮನೆಮನೆಗೂ ನಿಲ್ಲಲೇಬೇಕಲ್ಲ. ಕಾಗದವಿಲ್ಲದ ಗೇಟಿನ ಮುಂದೆಯೂ ಚೀಲ ತಡಕುತ್ತಾ ನಿಂತರೆ ಯಾರಿಗೆ ಅನುಮಾನ ಬರುತ್ತದೆ? ನನಗೇ ಬರಲಿಲ್ಲ.

ನಾಳೆಯಿಂದ ಚೀಲ ಬೇರೆಯವನ ಹೆಗಲಿಗೆ. ಕಾಲಿನ ಹೆಬ್ಬೆರಳಲ್ಲಿ ಎದ್ದಿರುವ ಹುಣ್ಣು ಮಾಯದಿದ್ದರೆ ಕಾಲೂ ಹೋಗುತ್ತದೆ.

ಈಗಷ್ಟೇ ಪಾದದ ಮೇಲೆ ಬೆರಳೊತ್ತಿ ನಾಡಿ ಹುಡುಕುತ್ತಾ ಕೂತಿದ್ದೆ. ಹೆಂಡತಿಗೆ ಎಚ್ಚರವಾಯಿತು.

"ಸಿಕ್ತಾ?"

ಸಿಕ್ಕಿತು ಅಂದೆ.

"ಎಲ್ಲಿ, ನೋಡೋಣ" ಎಂದು ತಾನೂ ಬೆರಳಿಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ.

"ಹೌದು, ಇದೆ" ಅಂದಳು.