ಅಕ್ಕನಿಲ್ಲದ ಎಲ್ಕ್ ಬೇಟೆ

ಡೂಬಾಯ್ಸ್, ವಯೋಮಿಂಗ್
ಸೆಪ್ಟೆಂಬರ್ ೪, ೧೯೭೧, ಶನಿವಾರ

ಪ್ರೀತಿಯ ವೆಲ್ಡಕ್ಕಾ,

ಹೇಗಿದ್ದೀಯ? ಉಸಿರು ಹೇಗಿದೆ? ಮೇವಿಸ್ ನಿನಗೆ ಕೊಟ್ಟಿರುವುದು ಮಹಡಿಯ ಕೋಣೆಯೋ ಕೆಳಗಿನದೋ ಎಂದು ಹೋದ ಪತ್ರದಲ್ಲೇ ಕೇಳಿದ್ದೆ, ನೀನು ಅದನ್ನೊಂದು ಬಿಟ್ಟು ಮಿಕ್ಕಿದ್ದೆಲ್ಲ ಬರೆದಿದ್ದೀಯ. ಅಂದರೆ ಮಹಡಿಯದೇ ಇರಬೇಕು. ಚಿಕ್ಕಪ್ಪನ ಮಗಳೆಂದು ಸಂಕೋಚಪಟ್ಟುಕೊಳ್ಳಬೇಡ, ಕೆಳಗಿನ ಕೋಣೆ ಬೇಕೆಂದು ಬಾಯಿಬಿಟ್ಟು ಕೇಳು. ಟೂಸಾನಿನಲ್ಲಿ ಇನ್ನೂ ಸೆಕೆ ಇಳಿದಿಲ್ಲವೆಂದು ರೇಡಿಯೊದಲ್ಲಿ ಹೇಳಿದರು. ಸೆಕೆ ಶ್ವಾಸಕೋಶಕ್ಕೆ ಒಳ್ಳೆಯದೋ ಕೆಟ್ಟದ್ದೋ ಡಾಕ್ಟರನ್ನು ಕೇಳು. ಧೂಳು ಕೆಟ್ಟದ್ದು, ಅದನ್ನು ಕೇಳಬೇಕಾಗಿಲ್ಲ. ಕಿಟಕಿ ಮುಚ್ಚಿಟ್ಟುಕೋ. ಹಾಗಂತ ಪೂರ್ತಿ ಮುಚ್ಚಬೇಡ.

ಇಲ್ಲಿ ನಾನು ಚೆನ್ನಾಗಿದ್ದೇನೆ. ನನ್ನ ಬರಹ ಓದುವಾಗ ಮೇವಿಸ್ ಎದುರಿಗೆ ನಗಬೇಡ. ಶಾಲೆ ತೆರೆಯುವ ಹೊತ್ತಿಗೇ ಬೇಟೆಯ ಋತುವೂ ತೆರೆಯುತ್ತಿತ್ತು. ಅಪ್ಪ ನನ್ನನ್ನು ಬೆಟ್ಟಕ್ಕೆ ಹತ್ತಿಸಿದರೆ ಹಿಮ ಬಿದ್ದ ಮೇಲೆಯೇ ಇಳಿಸುತ್ತಿದ್ದ. ಅಷ್ಟರಲ್ಲಿ ಮಿಕ್ಕ ಮಕ್ಕಳು ಪುಸ್ತಕದ ಅರ್ಧಕ್ಕೆ ಹೋಗಿರುತ್ತಿದ್ದರು, ನಾನು ಹಿಂದಿನ ಬೆಂಚಿನಲ್ಲಿ ಕುದುರೆಯ ವಾಸನೆ ಹೊಡೆಯುತ್ತ ಕೂತಿರುತ್ತಿದ್ದೆ. ಕೊನೆಗೆ ಒಂದು ವರ್ಷ ಹಿಮ ಬಿದ್ದ ಮೇಲೂ ಹೋಗಲಿಲ್ಲ. ಯಾರೂ ಯಾಕೆಂದು ಕೇಳಲಿಲ್ಲ, ನೀನೊಬ್ಬಳು ಕೇಳಿದೆ.

ನಿನ್ನ ಪತ್ರ ಬುಧವಾರ ಬಂತು. ಇಪ್ಪತ್ತನೇ ತಾರೀಖಿನ ಬಸ್ಸಿಗೆ ಟಿಕೆಟ್ ತೆಗೆದಿದ್ದೇನೆ, ಇದೊಂದು ಸಲ ನಿನ್ನ ಜೊತೆ ಬೆಟ್ಟದ ಬೇಟೆ ಬಿಡಾರಕ್ಕೆ ಬಂದು, ನಿನ್ನನ್ನು ಒಂದು ದಾರಿಗೆ ಹಚ್ಚಿ ವಾಪಸಾಗುತ್ತೇನೆ ಎಂದು ಬರೆದಿದ್ದೀಯ. ಓದಿ ನನಗೆ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಎದ್ದು ನಿನ್ನ ಕೋಣೆಯ ಹಾಸಿಗೆಯನ್ನು ಬಿಸಿಲಿಗೆ ಹಾಕಿದೆ. ಅದನ್ನು ಮತ್ತೆ ಒಳಗೆ ತರುವಾಗ ಡಾಕ್ಟರ ಮಾತು ನೆನಪಾಯಿತು. "ಇನ್ನೊಂದ್ಸಲ ಆ ಎತ್ತರಕ್ಕೆ ಹತ್ತಿದ್ರೆ ಕುದುರೆ ಮೇಲೆ ಕೂತು ಇಳಿಯಲ್ಲಮ್ಮ ನೀವು, ಹೇರಿನ ಜೊತೆ ಕಟ್ಟಿಸ್ಕೊಂಡು ಇಳೀತೀರ" ಎಂದಿದ್ದರಲ್ಲ, ಆಗ ನೀನು ನಕ್ಕೆ, ಯಾವ ಹೇಸರಗತ್ತೆಗೆ ಆ ಪುಣ್ಯ ಎಂದು ಬೇರೆ ಕೇಳಿದೆ. ನನಗೆ ನಗು ಬರಲಿಲ್ಲ. ಆ ಮಾತಿನ ಮೇಲೆ ನಾನು ಸರಿಯಾಗಿ ನಿದ್ದೆ ಮಾಡಿಲ್ಲ. ಆದ್ದರಿಂದ ಅಕ್ಕಾ, ನೀನು ಬರಬಾರದು. ಎಲ್ಲ ತಯಾರಿ ಹೇಗೆ ನಡೆದಿದೆಯೆಂದು ಬರೆಯುತ್ತೇನೆ, ಓದಿ ನೀನೇ ಸಮಾಧಾನ ಮಾಡಿಕೋ.

ಒಹಾಯೊದ ಹಲ್ಲಿನ ಡಾಕ್ಟರು ಫೆಂಟನ್ ಮತ್ತು ಅವರ ಕಡೆಯವರು ಮೂವರು, ಒಟ್ಟು ನಾಲ್ವರು, ದುಡ್ಡು ಕೊಟ್ಟು ಬೇಟೆಗೆಂದು ಇಪ್ಪತ್ನಾಲ್ಕಕ್ಕೆ ಬರುತ್ತಾರೆ. ಅವರವರ ತೂಕ ಬರೆದು ಕಳಿಸಿ ಎಂದಿದ್ದೆ, ಕಳಿಸಿದ್ದಾರೆ. "ಗಂಡಸರು ಹೊಟ್ಟೆಯನ್ನ ಕಮ್ಮಿ ಬರೀತಾರೆ, ಗುರಿಯನ್ನ ಜಾಸ್ತಿ ಬರೀತಾರೆ" ಎಂದು ನೀನು ಹೇಳುತ್ತಿದ್ದೆಯಲ್ಲ, ಹಾಗಾಗಿ ಪ್ರತಿಯೊಬ್ಬರಿಗೂ ಒಂದು ಮೂಟೆ ಓಟ್ಸಿನಷ್ಟು ಸೇರಿಸಿಕೊಂಡೇ ಕುದುರೆ ಗೊತ್ತು ಮಾಡಿದ್ದೇನೆ. ಡೇರೆಗಳನ್ನು ಹುಲ್ಲಿನ ಮೇಲೆ ಹರಡಿ ನೋಡಿದೆ. ಅಡುಗೆಯ ಡೇರೆಯಲ್ಲಿ ಇಲಿ ತೂತು ಮಾಡಿತ್ತು, ಹೊಲಿದೆ. ಹೊಲಿಗೆ ನಿನ್ನದರಂತಿಲ್ಲ, ಮಳೆ ಬಂದರೆ ಏನು ಗತಿಯೋ ಎಂದು ಅದರ ಮೇಲೆ ಕೊಡಗಟ್ಟಲೆ ನೀರು ಸುರಿದೆ, ಸೋರಲಿಲ್ಲ. ಆದರೂ ಇನ್ನೊಮ್ಮೆ ಹೊಲಿದೆ. ತಗಡಿನ ಒಲೆಯ ಹೊಗೆಕೊಳವೆ ತುಕ್ಕು ಹಿಡಿದಿದೆ, ಬದಲಾಯಿಸಬೇಕು. ಬ್ರೆಡ್ಡು ಉಬ್ಬಿಸುವ ನಿನ್ನ ಹುಳಿಹಿಟ್ಟಿನ ಜಾಡಿಗೆ ದಿನಾ ಮೈದಾ ಉಣಿಸುತ್ತಿದ್ದೇನೆ, ಅದು ಸತ್ತಿಲ್ಲ. ಒಂದು ದಿನ ಉಬ್ಬಲಿಲ್ಲ, ಅವತ್ತು ನನಗೂ ಊಟ ಸೇರಲಿಲ್ಲ, ಮರುದಿನ ತಾನಾಗಿ ಎದ್ದಿತು. ಮೊಟ್ಟೆಗಳನ್ನು ಓಟ್ಸಿನ ಮೂಟೆಯೊಳಗೆ ಹೂತು ಒಯ್ಯುತ್ತೇನೆ. ಕರಡಿಗಳ ಚಿಂತೆ ಇದ್ದೇ ಇದೆ. ಮಾಂಸ ತೂಗುಹಾಕುವ ಮರ ಬಿರುಗಾಳಿಗೆ ಬಿದ್ದಿದೆಯಂತೆ, ಬೇರೆ ಹುಡುಕಬೇಕು. ಸಂಜೆ ಇದನ್ನೆಲ್ಲ ಒಂದೊಂದಾಗಿ ಜೋರಾಗಿ ಹೇಳಿಕೊಳ್ಳುತ್ತೇನೆ. ಮೊದಲೂ ಹೇಳಿಕೊಳ್ಳುತ್ತಿದ್ದೆ, ಆಗ ನೀನು "ಬಾಯ್ಮುಚ್ಚೋ ಲೈಲ್, ಬೆಟ್ಟ ಎಲ್ಲೂ ಓಡ್ಹೋಗಲ್ಲ" ಎನ್ನುತ್ತಿದ್ದೆ. ಈಗ ಬಾಯಿ ಮುಚ್ಚು ಎನ್ನುವವರಿಲ್ಲದೆ ಹೇಳುತ್ತಲೇ ಇರುತ್ತೇನೆ.

ನಿನ್ನ ಪತ್ರದಲ್ಲಿ ಒಂದು ಮಾತಿಗೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ. ಇಬ್ಬರು ಬೇಟೆಗಾರರಿಗೆ ಒಬ್ಬ ಗೈಡ್ ಇರಲೇಬೇಕು, ನಾಲ್ವರನ್ನು ನೀನೊಬ್ಬನೇ ಹೇಗೆ ಕರೆದೊಯ್ಯುತ್ತೀಯ, ಅದೂ ಗಂಡು ಎಲ್ಕ್ ಜಿಂಕೆಯ ಹಾಗೆ ಕೂಗಿ ಅದನ್ನು ಹತ್ತಿರ ಕರೆಯಲು ಬಾರದವನು, ಎಂದು ಕೇಳಿದ್ದೀಯ. ನಿಜವೇ. ಕೂಗುತ್ತಿದ್ದವಳು ನೀನು. ನಾನು ಕುದುರೆ ಹಿಡಿದುಕೊಂಡು ಹಿಂದೆ ನಿಲ್ಲುತ್ತಿದ್ದೆ. ಅದಕ್ಕೇ ನಿನ್ನೆ ಗೂಟಕ್ಕೆ ನೇತುಹಾಕಿದ್ದ ನಿನ್ನ ಕೂಗುವ ಕೊಳವೆ ತೆಗೆದುಕೊಂಡು ಬೇರ್‌ಟ್ರ್ಯಾಪ್ ಹೊಳೆಯ ಮೇಲಿನ ದಿಬ್ಬಕ್ಕೆ ಹೋದೆ. ಗಂಡುಗಳು ಎಲ್ಲಿವೆಯೆಂದು ನೋಡಿದ ಹಾಗೂ ಆಯಿತು, ಕಲಿತ ಹಾಗೂ ಆಯಿತು ಎಂದುಕೊಂಡೆ. ಮೊದಲ ಕೂಗು ಬಾಗಿಲು ಕಿರುಗುಟ್ಟಿದಂತೆ ಬಂತು. ಆಮೇಲಾಮೇಲೆ ಪರವಾಗಿಲ್ಲ ಎನ್ನಿಸಿತು. ಸಿಳ್ಳೆಯ ಹಾಗೆ ಏರಿ, ನಿಂತು, ಕೊನೆಗೆ ನಿನ್ನದರಲ್ಲಿ ಬರುವ ಹಾಗೆ ಒಂದು ಬಿಕ್ಕಳಿಕೆ ಬಂತು. ಕೂಡಲೇ ದಿಬ್ಬದ ಆಚೆಯಿಂದ ಉತ್ತರ ಬಂತು ಅಕ್ಕಾ. ದೊಡ್ಡ ಗಂಡು, ಗಡಸು ದನಿ. ನಾನು ಮತ್ತೆ ಕೂಗಿದೆ, ಅದೂ ಕೂಗಿತು, ಈ ಸಲ ಹತ್ತಿರದಿಂದ. ಒಣ ಕಡ್ಡಿ ತುಳಿಯದ ಹಾಗೆ, ಗಾಳಿ ಮುಖಕ್ಕೆ ಇಟ್ಟುಕೊಂಡು, ಅಪ್ಪ ಹೇಳಿಕೊಟ್ಟಂತೆಯೇ ಮುಂದೆ ಮುಂದೆ ಹೋದೆ. ಬಿಸಿಲು ಮರದ ತುದಿಗೆ ಹೋಗುವವರೆಗೂ ನಾವಿಬ್ಬರೂ ಹಾಗೇ ಕೂಗಿಕೊಂಡೆವು. ಕೊನೆಗೆ ಒಂದು ಬಿದ್ದ ಮರದ ಹಿಂದೆ ಬಗ್ಗಿ ಕೂತು ಕೂಗಿದರೆ, ಆ ಮರದ ಇನ್ನೊಂದು ಪಕ್ಕದಿಂದಲೇ ಉತ್ತರ. ತಲೆಯೆತ್ತಿ ನೋಡಿದೆ. ಹೋಬಾರ್ಟ್ ಕ್ರೇಲ್, ಬಾಯಲ್ಲಿ ಕೊಳವೆ ಇಟ್ಟುಕೊಂಡು, ಮಂಡಿಯೂರಿ ಕೂತಿದ್ದಾನೆ.

ಅವನು ಕುದುರೆಗಳನ್ನೆಲ್ಲ ಮಾರಿದ ಮೇಲೆ ನೀನು ಅವನನ್ನು ನೋಡಿಲ್ಲ. ಹೆಂಡತಿ ನೆಟ್ಟಿ ಹೋದ ಮೇಲೆ, ನಮ್ಮ ಹಾಗೇ ಬೇಟೆಗಾರರನ್ನು ಕರೆದೊಯ್ಯುತ್ತಿದ್ದ ದಿಬ್ಬದ ಆಚೆಯ ತನ್ನ ಬಿಡಾರವನ್ನೂ ಬಿಟ್ಟುಬಿಟ್ಟ. ತುಂಬ ಬಡಕಲಾಗಿದ್ದಾನೆ. ಇಬ್ಬರಿಗೂ ನಾಚಿಕೆ, ಮಂಡಿಯ ಮೇಲಿದ್ದ ಎಲೆ ಒರೆಸಿಕೊಂಡು ಹವೆಯ ಮಾತಾಡಿದೆವು. ಬೇಟೆಗೆ ಜನ ಇಲ್ಲ, ಕುದುರೆ ಇಲ್ಲ, ಯಾಕೆ ಬಂದೆ ಎಂದು ಕೇಳಿದೆ. ಮನೆಯಲ್ಲಿ ಕೂತು ಕೂತು ಕಿವಿ ಸತ್ತುಹೋಗುತ್ತದೆ, ಅದಕ್ಕೇ ಬಂದು ಒಂದು ಸಲ ಕೂಗಿ ಏನಾದರೂ ಉತ್ತರ ಬಂದರೆ ಕೇಳಿಸಿಕೊಂಡು ಹೋಗುತ್ತೇನೆ ಎಂದ. ಆಮೇಲೆ ನನ್ನ ಕೈಯಲ್ಲಿದ್ದ ಕೊಳವೆ ಇಸಕೊಂಡು ತಿರುಗಿಸಿ ನೋಡಿದ. "ಎಲ್ಕ್ ಅಂತ ಬಂದಿದ್ದಲ್ಲ ಕಣಯ್ಯ ನಾನು. ಆ ಬಿಕ್ಕಳಿಕೆ ಕೇಳ್ತಲ್ಲ, ನಿಮ್ಮಕ್ಕ ಬಂದ್ಳು ಅಂದ್ಕೊಂಡೆ. ಇಷ್ಟು ವರ್ಷ ಅದು ಅವಳ ಗಂಟಲಿನ ಚಮತ್ಕಾರ ಅಂತಿದ್ದೆ. ನೋಡಿದ್ರೆ ಕೊಳವೇನೇ ನೆಗ್ಗಿದೆ" ಎಂದ. ನನಗೂ ಅದು ಗೊತ್ತಿರಲಿಲ್ಲ. ನೀನು ಯಾರಿಗೂ ಹೇಳಿರಲಿಲ್ಲ, ಅಲ್ಲವೇ?

ಅಲ್ಲೇ ಮರದ ಮೇಲೆ ಕೂತೆವು. ನೀನು ಇಪ್ಪತ್ತಕ್ಕೆ ಹೊರಟು ಬರುತ್ತೀಯೆಂದು ಹೇಳಿದೆ. ಅವನಿಗೆ ಖುಷಿಯಾಗಬಹುದು ಎಂದುಕೊಂಡಿದ್ದೆ. ಅವನು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಹೋದ ಅಕ್ಟೋಬರಿನಲ್ಲಿ ನಾವು ಬಿಡಾರಕ್ಕೆ ಹತ್ತುವಾಗ ಅವನು ತನ್ನ ಉಳಿದ ಸಾಮಾನು ತರಲೆಂದು ನಮ್ಮ ಹಿಂದೆಯೇ ಬರುತ್ತಿದ್ದನಂತೆ. ಕೆಳಗಿನ ತಿರುವಿನಿಂದ ನಮ್ಮನ್ನು ನೋಡಿದನಂತೆ. ನಿನಗೆ ಆ ದಿನ ನೆನಪಿರಬೇಕು. ನೀನು ಪ್ರತಿ ತಿರುವಿಗೂ ಇಳಿದು ನಿನ್ನ ಕುದುರೆ ಟಾಫಿಯ ಜೀನಿನ ಪಟ್ಟಿ ಬಿಗಿ ಮಾಡುತ್ತಿದ್ದೆ. ಜೀನು ಕಟ್ಟುವಾಗ ಉಸಿರು ತುಂಬಿಕೊಂಡು ಹೊಟ್ಟೆ ಉಬ್ಬಿಸಿ, ಆಮೇಲೆ ಬಿಟ್ಟು ಪಟ್ಟಿ ಸಡಿಲ ಮಾಡಿಕೊಳ್ಳುವ ಕಳ್ಳಬುದ್ಧಿ ಆ ಕುದುರೆಗೆ ಇದ್ದೇ ಇದೆಯಲ್ಲ, ನಾನು ಅದನ್ನೇ ಬೈದೆ. ಮಾರನೆಯ ದಿನ ಜೀನು ಕಟ್ಟುವ ಮುಂಚೆ ಅದರ ಹೊಟ್ಟೆಗೆ ಮೊಣಕಾಲಿನಿಂದ ಗುದ್ದಿದ್ದೆ ಕೂಡ. ನೀನು ಏನೂ ಅನ್ನಲಿಲ್ಲ. ಹೋಬಾರ್ಟ್ ನನ್ನ ಮುಖ ನೋಡದೆ ಹೇಳಿದ.

"ಅವಳು ಪಟ್ಟಿ ಮುಟ್ಟಿದ್ದೇ ಇಲ್ಲ ಕಣೋ. ಜೀನಿಗೆ ಹಣೆ ಕೊಟ್ಕೊಂಡು ಉಸಿರು ಹುಡುಕ್ತಿದ್ಲು."

ನಾನು ಅಷ್ಟು ಮುಂದೆ ಹೇಸರಗತ್ತೆಗಳ ಸಾಲು ಹಿಡಿದುಕೊಂಡು ನಿಂತು, ಬೇಗ ಬಾ, ಕತ್ತಲಾಗುತ್ತೆ, ಮೋಡ ಕಟ್ಟುತ್ತಿದೆ ಎಂದು ಕೂಗುತ್ತಿದ್ದೆ. ಹುಟ್ಟಿದಾಗಿನಿಂದ ಹುಳುವಿಗೂ ಹುಲ್ಲಿಗೂ ಚಿಂತೆ ಮಾಡುವವನು, ಅದೊಂದನ್ನು ಚಿಂತಿಸಲಿಲ್ಲ ನೋಡು. ಯಾಕೆಂದರೆ ನಿನ್ನ ವಿಷಯದಲ್ಲಿ ಚಿಂತೆ ಮಾಡಬೇಕು ಎಂದು ನನಗೆ ಹೊಳೆದೇ ಇರಲಿಲ್ಲ. ಚಿಂತೆಯನ್ನೆಲ್ಲ ಹೇಳಿಕೊಳ್ಳಲು ಇದ್ದವಳೇ ನೀನು.

ಹೋಬಾರ್ಟ್ ಬರಲು ಒಪ್ಪಿದ್ದಾನೆ. ಅವನ ಗೈಡ್ ಲೈಸೆನ್ಸು ಈ ವರ್ಷದವರೆಗೂ ಇದೆ. ಮಂಡಿ ನೋವಿದೆ, ಇಳಿಜಾರಿನಲ್ಲಿ ನಡೆಯುವುದಿಲ್ಲ, ಕುದುರೆಯ ಮೇಲೆಯೇ ಇರುತ್ತೇನೆ ಎಂದ. ಫೆಂಟನ್ ಡಾಕ್ಟರನ್ನೂ ಅವರ ಭಾವನನ್ನೂ ಅವನು ಕರೆದುಕೊಂಡು ಹೋಗುತ್ತಾನೆ, ಮಿಕ್ಕ ಇಬ್ಬರನ್ನು ನಾನು. ಕೂಗುವ ಕೆಲಸವನ್ನೂ ಅವನೇ ನೋಡಿಕೊಳ್ಳುತ್ತಾನೆ. ಯಾಕೆಂದು ಕೇಳಿದಾಗ, "ನಿನ್ನ ಕೂಗಿಗೆ ಮುದಿ ಹೋಬಾರ್ಟ್ ಬಿಟ್ರೆ ಬೇರೆ ಯಾವ ಪ್ರಾಣೀನೂ ಬರಲ್ಲ" ಎಂದ. ಈಗ ಹೇಳು, ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲ? ಇನ್ನು ನೀನು ಬರಲು ಯಾವ ಕಾರಣವೂ ಉಳಿದಿಲ್ಲ. ನನಗೆ ಒಂದು ಕಾರಣ ಉಳಿದಿದೆ, ಅದು ಬೇಟೆಗೆ ಸಂಬಂಧಪಟ್ಟದ್ದಲ್ಲ. ಸಂಜೆ ಮೇಜಿನ ಮೇಲೆ ಒಂದೇ ತಟ್ಟೆ ಇಡುವುದು ನನಗೆ ಇನ್ನೂ ಅಭ್ಯಾಸವಾಗಿಲ್ಲ. ನೀನು ಬರೆದ ಹಾಗೆ ಅದೂ ಸರಿಹೋಗುತ್ತದೆಯೇನೋ. ನನಗೆ ಹಾಗನ್ನಿಸುವುದಿಲ್ಲ, ಆದರೂ ನೀನು ಬರೆದಿದ್ದೀಯ ಎಂದು ನಂಬುತ್ತೇನೆ.

ಮೇವಿಸ್‌ಗೂ ಅವಳ ಯಜಮಾನರಿಗೂ ನನ್ನ ನಮಸ್ಕಾರ ಹೇಳು. ಔಷಧಿ ತಪ್ಪಿಸಬೇಡ. ರಾತ್ರಿ ದಿಂಬು ಎತ್ತರ ಇಟ್ಟುಕೊಂಡು ಮಲಗು. ದೇವರು ನಿನ್ನ ಎದೆಯ ಮೇಲೆ ಕೈಯಿಟ್ಟು ಕಾಯಲಿ.

ಇಂತಿ ನಿನ್ನ ತಮ್ಮ,
ಲೈಲ್

ಮತ್ತೆ ಬರೆದದ್ದು, ಸೆಪ್ಟೆಂಬರ್ ೧೦, ಶುಕ್ರವಾರ: ಅಕ್ಕಾ, ಮೇಲಿನದನ್ನು ಬರೆದ ಮೇಲೆ ಮತ್ತೆ ಓದಿ ನೋಡಿದೆ. ಇದನ್ನು ಓದಿ ನೀನು ನಗುತ್ತ ಬಸ್ಸು ಹತ್ತುತ್ತೀಯ ಎಂದು ಖಾತ್ರಿಯಾಯಿತು, ನನ್ನ ಮಾತು ನೀನು ಯಾವಾಗ ಕೇಳಿದ್ದೀಯ. ಅದಕ್ಕೇ ಪತ್ರವನ್ನು ಪೋಸ್ಟ್ ಮಾಡದೆ ಇಟ್ಟುಕೊಂಡೆ. ಪೆಟ್ರೋಲು ಬಂಕಿಗೆ ಹೋಗಿ ಫೆಂಟನ್ ಡಾಕ್ಟರಿಗೆ ಫೋನು ಮಾಡಿ, ಹಿಮ ಬೇಗ ಬೀಳುವ ಸೂಚನೆ ಇದೆ, ಇಪ್ಪತ್ನಾಲ್ಕರವರೆಗೆ ಕಾಯದೆ ಬೇಟೆ ತೆರೆಯುವ ದಿನಕ್ಕೇ ಬನ್ನಿ ಎಂದೆ. ಸೂಚನೆ ಏನೂ ಇಲ್ಲ. ಪಾಪ, ನಂಬಿ ನಿನ್ನೆಯೇ ಬಂದಿಳಿದರು, ಬರೆದದ್ದಕ್ಕಿಂತ ದಪ್ಪಗಿದ್ದಾರೆ. ಈಗ ಹೇರು ಕಟ್ಟಿಯಾಗಿದೆ, ಹೋಬಾರ್ಟ್ ಬಾಗಿಲಲ್ಲಿ ನಿಂತು ಬೈಯುತ್ತಿದ್ದಾನೆ. ಇದನ್ನು ದಾರಿಯಲ್ಲಿ ಅಂಚೆಗೆ ಹಾಕಿ ಹೋಗುತ್ತೇವೆ, ನಿನ್ನ ಕೈಸೇರುವಾಗ ನಾವು ಬೆಟ್ಟದ ಮೇಲಿರುತ್ತೇವೆ. ನೀನು ಬಂದರೆ ಕುದುರೆ ಕೊಡಬಾರದೆಂದು ಕಣಿವೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ. ನಮ್ಮ ಕುದುರೆಗಳನ್ನೆಲ್ಲ, ಕುಂಟುವ ಮುದಿಯದನ್ನೂ ಸೇರಿಸಿ, ಜೊತೆಗೆ ಕರೆದೊಯ್ಯುತ್ತಿದ್ದೇನೆ. ನನಗೆ ಭಯವಾಗುತ್ತಿದೆ, ಆದರೂ ಹೊರಟೆ. ಟಿಕೆಟ್ ವಾಪಸು ಕೊಟ್ಟುಬಿಡು. ಬೈಯಬೇಕೆನ್ನಿಸಿದರೆ ಅಲ್ಲಿಂದಲೇ ಬೈದು ಬರೆ. ಹುಲ್ಲುಗಾವಲಿನ ಗೇಟನ್ನು ತೆರೆದೇ ಬಿಟ್ಟಿದ್ದೇನೆ, ಮುಚ್ಚಿ ಕಾಯಲು ಒಳಗೆ ಒಂದು ಕುದುರೆಯೂ ಇಲ್ಲ.